ಮಂದೆ ತಪ್ಪಿದ ಮರಿ

ಹೊಸಪೇಟೆಯ ಮಗ್ಗುಲಿಗೆ ಅಂಟಿಕೊಂಡಿರುವ ಚಿತ್ತವಾಡ್ಗಿ ಈಗ ಹೆಸರಿಗೆ ಪಟ್ಟಣದ ಒಂದು ಭಾಗ. ಒಂದು ಕಾಲದಲ್ಲಿ ಅಲ್ಲಿಯ ಸಕ್ಕರೆ ಕಾರ್ಖಾನೆಯಿಂದಲೇ ಊರಿನ ಗುರುತು. ಕಬ್ಬಿನ ಬಂಡಿಗಳ ಸಾಲೇ ಊರಿನ ಗಡಿಯಾರ. ಕಾರ್ಖಾನೆ ನಿಂತಿತು. ಬಂಡಿಗಳೂ ಹೋದವು. ಆದರೆ ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯಿಂದ ತಿರುಗಿಸಿ ತಂದ ನೀರು ಮಾತ್ರ ನಿಲ್ಲಲಿಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಈ ಸೀಮೆಯ ಕಬ್ಬು, ಬಾಳೆ, ಭತ್ತಗಳಿಗೆ ನೀರುಣಿಸುತ್ತಿವೆ. ೧೯೫೩ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲಂತೂ ಕಂಪ್ಲಿ, ಗಂಗಾವತಿ, ಸಿರುಗುಪ್ಪಗಳ ಕಡೆಗೆ ಕಣ್ಣು ಹಾಯಿಸಿದಷ್ಟೂ ಗದ್ದೆಯೇ ಗದ್ದೆ.

ಗದ್ದೆಯಿದ್ದಲ್ಲಿ ಕೊಯ್ಲು, ಕೊಯ್ಲು ಮುಗಿದಲ್ಲಿ ಬಾತುಗಳು. ಆಂಧ್ರ, ತಮಿಳುನಾಡುಗಳ ಕಡೆಯಿಂದ ಬರುವ ಬಾತುಗಾರರು ಸಾವಿರ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಬಾತುಗಳ ಮಂದೆಯನ್ನು ಉದ್ದ ಕೋಲೊಂದರ ಅಂಕೆಯಲ್ಲಿಟ್ಟುಕೊಂಡು ಗದ್ದೆಯಿಂದ ಗದ್ದೆಗೆ ನಡೆಯುತ್ತಾರೆ. ಕುರಿಯ ಮಂದೆಯನ್ನು ಕಂಡ ಕಣ್ಣಿಗೆ ಇದೊಂದು ವಿಚಿತ್ರ ನೋಟ. ಕೂಳೆಯ ನಡುವೆ ಕಂದು ಬಣ್ಣದ ಹೊಳೆಯೊಂದು ಕಲಕಲ ಸದ್ದು ಮಾಡುತ್ತ ಹರಿಯುತ್ತದೆ. ಮುಂದಿನ ಬಾತು ಬದುವನ್ನು ಹತ್ತಿದರೆ ಹಿಂದಿನದೂ ಹತ್ತಬೇಕು, ಮುಂದಿನದು ಇಳಿದರೆ ಅದೂ ಇಳಿಯಬೇಕು. ಉದುರಿದ ಕಾಳು, ಬಸವನಹುಳು, ಕೆಸರಿನ ಕೀಟ ಇವೇ ಅವುಗಳ ಊಟ. ಗದ್ದೆಯ ಒಡೆಯನಿಗೆ ಹಿಕ್ಕೆಯ ಗೊಬ್ಬರ ಪುಕ್ಕಟೆ ಸಿಕ್ಕುತ್ತದೆ. ರಾತ್ರಿ ಬಲೆಯ ಸುತ್ತುಬೇಲಿಯೊಳಗೆ ಮಂದೆ ಮಲಗುತ್ತದೆ. ಬಾತುಗಳು ಮೊಟ್ಟೆಯಿಡುವುದು ಬಹುಮಟ್ಟಿಗೆ ಇರುಳಲ್ಲಿ, ಇಲ್ಲವೇ ಬೆಳಕು ಹರಿಯುವ ಮುನ್ನ. ಆದ್ದರಿಂದ ನಸುಕಿನಲ್ಲಿ ಬೇಲಿಯೊಳಗೆ ಬುಟ್ಟಿ ಹಿಡಿದು ಹೊಕ್ಕರೆ ಆ ದಿನದ ಸಂಪಾದನೆ ಕೈಗೆ ಬಂದಂತೆ. ಕಾಳು ಮುಗಿಯಿತೆಂದರೆ ಬಿಡಾರ ಕೀಳುತ್ತಾರೆ.

ಹೀಗೆ ಒಂದು ಡಿಸೆಂಬರಿನಲ್ಲಿ ಬಿಡಾರ ಕಿತ್ತ ಜಾಗದಲ್ಲಿ, ಚಿತ್ತವಾಡ್ಗಿಯ ಹತ್ತು ವರ್ಷದ ಹುಡುಗನೊಬ್ಬನಿಗೆ ಮರಿಯೊಂದು ಸಿಕ್ಕಿತು. ಮೂಟೆ ಕಟ್ಟುವಾಗ ಬುಟ್ಟಿಯಿಂದ ಹೊರಬಿದ್ದದ್ದೋ, ನಾಯಿಯ ಬಾಯಿಂದ ತಪ್ಪಿಸಿಕೊಂಡದ್ದೋ, ಹೇಳುವವರಿಲ್ಲ. ಎರಡು ವಾರದ ಮರಿಯಿದ್ದೀತು. ಹಳದಿ ತುಪ್ಪುಳು ಕೆಸರಿನಲ್ಲಿ ಅಂಟಿ, ತೂಬಿನ ಕಲ್ಲಿನ ಸಂದಿಯಲ್ಲಿ ನಿಂತು ಒಂದೇ ಸಮನೆ ಕೂಗುತ್ತಿತ್ತು. ಮಂದೆ ಹೋಗಿ ಎರಡು ದಿನವಾಗಿತ್ತು. ಹುಡುಗ ಅದನ್ನು ಅಂಗಿಯೊಳಗೆ ಹಾಕಿಕೊಂಡು ಮನೆಗೆ ತಂದ.

ಮನೆಯಾದರೋ ಮೊಟ್ಟೆಯನ್ನು ಹೊಸ್ತಿಲೊಳಗೆ ತಾರದ ಮನೆ. ಅಜ್ಜಿ ಬಾಗಿಲಲ್ಲೇ ತಡೆದರು. “ಅದನ್ನ ಎಲ್ಲಿಂದ ತಂದಿಯೋ ಅಲ್ಲೇ ಇಟ್ಟು ಬಾ” ಎಂದರು. ಹುಡುಗ, “ಅಲ್ಲಿ ಯಾರೂ ಇಲ್ಲಜ್ಜಿ” ಎಂದ. ಆ ಮಾತಿಗೆ ಅಜ್ಜಿಯಲ್ಲಿ ಉತ್ತರವಿರಲಿಲ್ಲ. ಹಿತ್ತಲ ಬಚ್ಚಲಮನೆಯ ಒಲೆಯ ಬಳಿ ಹಳೆಯ ಮಂಕರಿಯೊಂದನ್ನು ಬೋರಲು ಹಾಕಿ ಜಾಗ ಕೊಟ್ಟದ್ದು ಕೊನೆಗೆ ಅವರೇ. ಹಾಗೆ ಕೊಟ್ಟದ್ದು ಅತ್ಯಂತ ಸರಿಯಾದ ಜಾಗವಾಗಿತ್ತು, ಅವರಿಗೆ ಅದು ತಿಳಿಯದಿದ್ದರೂ. ಬಾತುಮರಿಗೆ ಮೊದಲ ವಾರ ಸುಮಾರು ೩೨ ಡಿಗ್ರಿ ಶಾಖ ಬೇಕು. ಅನಂತರ ವಾರವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ಬಾತಲ್ಲವೇ, ನೀರಿನ ಪ್ರಾಣಿಯಲ್ಲವೇ ಎಂದು ಅದನ್ನು ತಂದ ಕೂಡಲೇ ತೊಟ್ಟಿಗೆ ಬಿಡುವವರುಂಟು. ತಾಯಿಯ ರೆಕ್ಕೆಯಡಿಯಲ್ಲಿ ಮೈ ಒಣಗಿಸಿಕೊಳ್ಳಲು ಗತಿಯಿಲ್ಲದ ಮರಿ ನೆನೆದು ತಣ್ಣಗಾಗಿ ಸಾಯುತ್ತದೆ. ಬಾತು ನೀರಿನಲ್ಲಿ ಸಾಯುವುದೆಂದರೆ ನಗೆಪಾಟಲೆನಿಸಬಹುದು. ಆದರೆ ದಯೆಯಿಂದ ಸತ್ತ ಮರಿಗಳಲ್ಲಿ ಬಹಳಷ್ಟು ಹೀಗೆಯೇ ಸತ್ತಿವೆ.

ಇನ್ನೊಂದು ತಪ್ಪು ಊಟದ್ದು. ಅದನ್ನು ಈ ಮನೆಯವರೂ ಮಾಡಿದರು. ಮಕ್ಕಳಿಗೆ ಏನು ಹಿತವೋ ಮರಿಗೂ ಅದೇ ಹಿತವೆಂದು ಬಿಳಿಯ ಅನ್ನ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು! ಮರಿ ಸಂತೋಷದಿಂದ ತಿಂದಿತು. ಹತ್ತು ದಿನ ಕಳೆಯುವುದರೊಳಗೆ ಅದರ ಕಾಲು ಹೊರಕ್ಕೆ ಬಾಗತೊಡಗಿತು. ನಡೆದರೆ ಎಡಗಾಲು ಒಳಗೊತ್ತಿ ಮುಗ್ಗರಿಸುತ್ತಿತ್ತು. ಹುಡುಗನ ತಂದೆ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಹೋದರು. ಎಮ್ಮೆ, ಎತ್ತುಗಳ ಸಾಲಿನಲ್ಲಿ ಪ್ಯಾಂಟು ತೊಟ್ಟ ಗೃಹಸ್ಥರೊಬ್ಬರು ಬಾತುಮರಿಯನ್ನು ಹಿಡಿದು ನಿಂತ ದೃಶ್ಯ ಅಲ್ಲಿದ್ದವರಿಗೆ ಒಳ್ಳೆಯ ಮನರಂಜನೆಯನ್ನೊದಗಿಸಿರಬೇಕು. ವೈದ್ಯರು ಮಾತ್ರ ನಗಲಿಲ್ಲ. ಬಾತುಮರಿಗೆ ನಯಾಸಿನ್ ಎಂಬ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು; ಅದು ಸಾಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ಹೊಟ್ಟು ತೆಗೆದು ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ ಅದು ಉಳಿದಿರುವುದಿಲ್ಲ. ಎಲ್ಲಿರುತ್ತದೆಂದರೆ, ಗಿರಣಿಯಲ್ಲಿ ಅಕ್ಕಿಯಿಂದ ತೆಗೆದು ದನಕ್ಕೆ ಹಾಕುವ ತೌಡಿನಲ್ಲಿ! ಅಂದಿನಿಂದ ಮರಿಗೆ ತೌಡು, ಚಿಟಿಕೆ ಯೀಸ್ಟು, ಸಣ್ಣಗೆ ಹೆಚ್ಚಿದ ಸೊಪ್ಪು, ಜೊತೆಗೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ಬಟ್ಟಲಲ್ಲಿ ನೀರು. ಬಲಗಾಲು ನೆಟ್ಟಗಾಯಿತು. ಎಡಗಾಲಿನಲ್ಲಿ ಒಂದಿಷ್ಟು ಓರೆ ಉಳಿದೇ ಹೋಯಿತು.

ಇಷ್ಟಾದರೆ ಮರಿ ಬದುಕಿತು ಎನ್ನಬಹುದು. ಮನೆಯವರೂ ಹಾಗೆಯೇ ಅಂದುಕೊಂಡರು. ಅದು ಅಜ್ಜಿಯನ್ನು ಹಿಂಬಾಲಿಸತೊಡಗಿದ್ದೇ ಅದಕ್ಕೆ ಸಾಕ್ಷಿಯಾಗಿ ತೋರಿತು. ಮರಿಯನ್ನು ತಂದ ಹುಡುಗನನ್ನಲ್ಲ, ವೈದ್ಯರಲ್ಲಿಗೆ ಹೊತ್ತೊಯ್ದ ತಂದೆಯನ್ನಲ್ಲ, ಮೊದಲ ದಿನ ಬಾಗಿಲಲ್ಲಿ ತಡೆದ ಅಜ್ಜಿಯನ್ನು! ಅವರು ತುಳಸಿಗೆ ನೀರೆರೆಯಲು ಹೋದರೆ ತುಳಸಿಯ ಕಟ್ಟೆಯ ತನಕ. ದೇವರ ಕೋಣೆಗೆ ಹೋದರೆ ಹೊಸ್ತಿಲ ತನಕ. ಹೊಸ್ತಿಲನ್ನು ದಾಟಲು ಅದರ ಕಾಲಿಗೆ ಎಟುಕದಿದ್ದದ್ದರಿಂದ ಮಡಿಯ ಪ್ರಶ್ನೆಯೇ ಏಳಲಿಲ್ಲ. ಬಾಗಿಲು ಮುಚ್ಚಿದರೆ ಸಾಕು, ಪ್ರಾಣ ಹೋಗುವಂತೆ ಕೂಗು.

ಈ ಹಿಂಬಾಲಿಕೆಯ ಬಗ್ಗೆ ವಿಜ್ಞಾನಿಗಳು ಬಹಳ ಹಿಂದಿನಿಂದ ಆಲೋಚಿಸಿದ್ದಾರೆ. ಡಗ್ಲಸ್ ಸ್ಪಾಲ್ಡಿಂಗ್ ಎಂಬಾತ ೧೮೭೩ರಷ್ಟು ಹಿಂದೆಯೇ ಈಗತಾನೆ ಮೊಟ್ಟೆಯೊಡೆದ ಕೋಳಿಮರಿ ಕಣ್ಣೆದುರು ಚಲಿಸುವ ಯಾವುದನ್ನಾದರೂ ಹಿಂಬಾಲಿಸುವುದನ್ನು ಕುರಿತು ಬರೆದಿದ್ದ. ಆಸ್ಟ್ರಿಯದ ಕೊನ್ರಾಡ್ ಲೊರೆಂಟ್ಸ್ ೧೯೩೫ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆ ಸಂಗತಿ ಲೋಕಪ್ರಸಿದ್ಧವಾಯಿತು. ತನ್ನನ್ನೇ ತಾಯಿಯೆಂದು ಬಗೆದ ಹೆಬ್ಬಾತಿನ ಮರಿಗಳ ಸಾಲನ್ನು ಹಿಂದಿಟ್ಟುಕೊಂಡು ನಡೆಯುವ ಆತನ ಚಿತ್ರವನ್ನು ನೋಡದವರು ಕಡಿಮೆ. ೧೯೭೩ರಲ್ಲಿ ಆತನಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಅಮೆರಿಕದ ಎಕ್‌ಹಾರ್ಡ್ ಹೆಸ್ ೧೯೫೮ರಲ್ಲಿ ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿ, ಬಾತುಮರಿಯ ಮನಸ್ಸಿನಲ್ಲಿ ಈ ಅಚ್ಚು ಅತ್ಯಂತ ಗಟ್ಟಿಯಾಗಿ ಬೀಳುವುದು ಮೊಟ್ಟೆಯೊಡೆದ ೧೩ರಿಂದ ೧೬ ಗಂಟೆಗಳ ಒಳಗೆ ಎಂದು ತೋರಿಸಿದ.

ಹಾಗಾದರೆ ಎರಡು ವಾರ ಕಳೆದ ಮೇಲೆ ಸಿಕ್ಕ ಈ ಮರಿಗೆ ಅಜ್ಜಿ ತಾಯಿಯಾದದ್ದು ಹೇಗೆ? ಆಗಿರಲಿಲ್ಲ ಎಂಬುದೇ ಉತ್ತರ. ತಾಯಿಯ ಅಚ್ಚು ಬೀಳುವ ಗಳಿಗೆ ಎಂದೋ ಕಳೆದಿತ್ತು. ಇನ್ನೂ ಒಂದು ಮಾತು: ಸಾಕುಬಾತುಗಳಲ್ಲಿ ಕಾವು ಕೂರುವ ಬುದ್ಧಿ ಬಹುಮಟ್ಟಿಗೆ ಅಳಿದುಹೋಗಿದೆ. ಮನುಷ್ಯ ಮೊಟ್ಟೆಗಾಗಿ ತಲೆತಲಾಂತರದಿಂದ ಆರಿಸಿ ಆರಿಸಿ ಬೆಳೆಸಿದ್ದರ ಫಲವಿದು. ಆ ಮೊಟ್ಟೆಗಳು ೨೮ ದಿನ ಕಾವು ಪಡೆಯುವುದು ಯಂತ್ರದಲ್ಲಿ, ಇಲ್ಲವೇ ಯಾವುದಾದರೂ ಹೇಟೆಕೋಳಿಯ ಹೊಟ್ಟೆಯಡಿಯಲ್ಲಿ. ಅಂದಮೇಲೆ ಮಂದೆಯ ಮರಿ ಕಳೆದುಕೊಂಡದ್ದು ತಾಯಿಯನ್ನಲ್ಲ. ತಾಯಿಯನ್ನು ಅದು ಕಂಡೇ ಇಲ್ಲ. ಅದರ ತಾಯಿ, ತಂದೆ, ಮನೆ ಎಲ್ಲವೂ ನೂರಾರು ಒಡಹುಟ್ಟುಗಳ ಆ ಕಲಕಲ ಸದ್ದೇ. ಗಿಲ್ಬರ್ಟ್ ಗಾಟ್ಲೀಬ್ ಎಂಬ ವಿಜ್ಞಾನಿ ಬಾತಿನ ಮರಿಗಳು ಮೊಟ್ಟೆಯೊಳಗಿರುವಾಗಲೇ ಸದ್ದು ಮಾಡುತ್ತವೆ, ಕೇಳುತ್ತವೆ, ಹಾಗೆ ಕೇಳಿದ್ದರಿಂದಲೇ ತಮ್ಮ ಜಾತಿಯ ಕರೆಯನ್ನು ಗುರುತಿಸುವ ಶಕ್ತಿ ಅವುಗಳಲ್ಲಿ ಕುದುರುತ್ತದೆ ಎಂದು ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ್ದಾನೆ. ಹುಟ್ಟುವ ಮೊದಲೇ ಸದ್ದಿನ ನೆರೆಯಲ್ಲಿದ್ದ ಜೀವಕ್ಕೆ ಬಚ್ಚಲಮನೆಯ ನಿಶ್ಶಬ್ದ ಹೇಗೆನಿಸಿದ್ದೀತು! ಅಜ್ಜಿಯ ಕೈಬಳೆಗಳು ಅಷ್ಟಿಷ್ಟು ಸದ್ದು ಮಾಡುತ್ತಿದ್ದವು. ಮರಿ ಹಿಂಬಾಲಿಸಿದ್ದು ಅದನ್ನೇ ಇರಬೇಕು.

ರಾತ್ರಿಯ ಕೂಗು ತಾಳಲಾರದೆ ತಂದೆ ಯಾರೋ ಹೇಳಿದ ಉಪಾಯವೊಂದನ್ನು ಮಾಡಿದರು. ಮಂಕರಿಯ ಒಳಗೆ ಒಂದು ಕನ್ನಡಿಯನ್ನು ನಿಲ್ಲಿಸಿದರು. ಒಂಟಿ ಮರಿಗೆ ಜೊತೆಯಿದೆಯೆಂಬ ಭ್ರಮೆ ಹುಟ್ಟಿಸಲು ಸಾಕುವವರು ಹೀಗೆ ಮಾಡುವುದುಂಟು. ಉಪಾಯ ಫಲಿಸಿತು, ಕೂಗು ನಿಂತಿತು, ಎಲ್ಲರೂ ನಿದ್ದೆ ಮಾಡಿದರು. ಬೆಳಗಿನ ಜಾವ ಒಲೆ ಹೊತ್ತಿಸಲು ಬಂದ ಹುಡುಗನ ತಾಯಿ ಮಂಕರಿಯನ್ನು ಎತ್ತಿ ನೋಡಿದಳು. ಮರಿ ತಣ್ಣನೆಯ ಗಾಜಿಗೆ ಮೈಯೊತ್ತಿ, ಕೊರಳನ್ನು ಗಾಜಿನ ಮೇಲೆ ಚಾಚಿ ಮಲಗಿತ್ತು. ಗಾಜಿನೊಳಗಿನ ಮರಿಯೂ ಹಾಗೆಯೇ ಮಲಗಿತ್ತು. ಆಕೆ ಬಹಳ ಹೊತ್ತು ನೋಡುತ್ತ ನಿಂತಳು. ಹತ್ತಿದ ಒಲೆ ಆರಿಹೋದದ್ದೂ ತಿಳಿಯಲಿಲ್ಲ. ಕಾಫಿಯ ಹೊತ್ತಿಗೆ ಗಂಡನಿಗೆ ಹೇಳಿದಳು: “ಇದನ್ನ ನಾವು ಇಟ್ಕೋಬಾರದು ರೀ. ಇದರ ಜಾತಿಯವರ ಹತ್ರ ಬಿಡಬೇಕು.”

ಬಿಡಬೇಕು, ನಿಜ. ಆದರೆ ಎಲ್ಲಿ? ಇದು ಕಾಡುಬಾತಿನ ಮರಿಯಾಗಿದ್ದರೆ ಪ್ರಶ್ನೆ ಸುಲಭವಾಗುತ್ತಿತ್ತು. ಸಿಳ್ಳೆಬಾತು, ಚುಕ್ಕೆಕೊಕ್ಕಿನ ಬಾತು ಮೊದಲಾದವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟವು. ಅವುಗಳನ್ನು ಪ್ರೀತಿಯಿಂದಲೂ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಹತ್ತಿರದಲ್ಲೇ ಕರಡಿಗೆ ದರೋಜಿಯಲ್ಲಿ ೧೯೯೪ರಿಂದ ಅಭಯಾರಣ್ಯವಿದೆ. ಕಮಲಾಪುರದ ಬಳಿಯ ಬಿಳಿಕಲ್ಲು ಅರಣ್ಯದಲ್ಲಿ ಪ್ರಾಣಿಸಂಗ್ರಹಾಲಯವಿದೆ. ತುಂಗಭದ್ರೆಯ ನೀರುನಾಯಿಗಳಿಗೂ ಸಂರಕ್ಷಿತ ಪ್ರದೇಶವಿದೆ. ಮಂದೆಯ ಬಾತಿಗೆ ಮಾತ್ರ ಯಾವ ಅಭಯವೂ ಇಲ್ಲ. ಬಾತುಗಾರರು ಅಷ್ಟರಲ್ಲಿ ಸಿರುಗುಪ್ಪದ ಕಡೆಗೋ ಅದಕ್ಕೂ ಆಚೆಗೋ ಹೋಗಿರಬೇಕು. ಹುಡುಕಿ ಕೊಟ್ಟರೂ ಮಂದೆಯ ಬಾತಿನ ಬಾಳು ಮೊಟ್ಟೆ ನಿಲ್ಲುವ ತನಕ. ನಿಂತ ಮೇಲೆ ಅದು ತೂಕದ ಲೆಕ್ಕಕ್ಕೆ ಬೀಳುತ್ತದೆ. ಬಾತುಗಾರನನ್ನು ನಿಂದಿಸಿ ಫಲವಿಲ್ಲ. ಮೊಟ್ಟೆಯಿಂದಲೇ ಅವನ ಹೊಟ್ಟೆ. ಆದರೆ ಕಾಲಿಗೆ ತೌಡು ತಿನ್ನಿಸಿ ನಿಲ್ಲಿಸಿದ ಮನೆಯವರಿಗೆ ಹಾಗೆ ಕೊಟ್ಟುಬಿಡುವುದು ಸಾಧ್ಯವಾಗಲಿಲ್ಲ.

ಕಾಲುವೆಯ ಕೆಳಗೆ ಬಾಳೆಯ ತೋಟವಿದ್ದ ಮುದುಕರೊಬ್ಬರು ಮನೆಮಟ್ಟಿಗೆ ಹನ್ನೊಂದು ಬಾತುಗಳನ್ನು ಸಾಕಿದ್ದರು. ಹುಡುಗ ಅವರನ್ನು ತಾತ ಎಂದು ಕರೆಯುತ್ತಿದ್ದ, ಸಂಬಂಧವೇನೂ ಇರಲಿಲ್ಲ. ಅಜ್ಜಿಯೇ ಮಾತಾಡಲು ಹೋದರು. “ತತ್ತಿ ನಿಮಗ ಇರಲಿ. ಜೀವ ಮಾತ್ರ ಅದಕ್ಕ ಬಿಡಬೇಕು” ಎಂದು ಕರಾರು ಮಾಡಿದರು. ಮುದುಕರು ನಕ್ಕು, “ಗಂಡಾದ್ರ ತತ್ತಿ ಎಲ್ಲಿಂದ ಬರ್ಬೇಕಮ್ಮಾ?” ಎಂದರು. ಮರಿ ಹೆಣ್ಣೋ ಗಂಡೋ ಆ ವಯಸ್ಸಿನಲ್ಲಿ ಸುಲಭವಾಗಿ ತಿಳಿಯದು. ಎರಡು ತಿಂಗಳ ಹೊತ್ತಿಗೆ ದನಿಯೊಡೆದು ಹೆಣ್ಣು ಗಟ್ಟಿಯಾಗಿ ಕೂಗುತ್ತದೆ. ಗಂಡಿನ ದನಿ ಗೊಗ್ಗರಾಗುತ್ತದೆ, ಆಮೇಲೆ ಬಾಲದಲ್ಲೊಂದು ಗುಂಗುರುಗರಿ ಮೂಡುತ್ತದೆ. ಅಜ್ಜಿ ಒಂದು ಗಳಿಗೆ ಯೋಚಿಸಿ, “ಗಂಡಾದರೂ ಅದೇ ಮಾತು” ಎಂದರು. ಮುದುಕರು ತಲೆಯಾಡಿಸಿದರು. ಈ ಒಪ್ಪಂದಕ್ಕೆ ಕಾಗದಪತ್ರಗಳಾವುವೂ ಆಗಲಿಲ್ಲ.

ಮಂದೆಗೆ ಸೇರಿಸುವುದೆಂದರೆ ಗೇಟು ತೆಗೆದು ಒಳಗೆ ಬಿಡುವುದೆಂದು ಹುಡುಗ ತಿಳಿದಿದ್ದ. ಅವನ ಕಣ್ತಪ್ಪಿಸಿ ಮರಿ ತಾನಾಗಿ ಓಡಿಹೋದದ್ದೂ ಹಾಗೆಯೇ. ತನ್ನಂಥವರನ್ನು ಕಂಡ ಆನಂದದಲ್ಲಿ ಓರೆಗಾಲನ್ನು ಎಳೆಯುತ್ತ ಹಿಂಡಿನ ನಡುವೆ ನುಗ್ಗಿತು. ದೊಡ್ಡ ಗಂಡುಬಾತು ಅದರ ಕತ್ತಿನ ಹಿಂಭಾಗವನ್ನು ಕಚ್ಚಿ ನೆಲಕ್ಕೊತ್ತಿತು. ಉಳಿದವು ಸುತ್ತುಗಟ್ಟಿದವು. ನೀರಿನಲ್ಲಾಗಿದ್ದರೆ ಮುಳುಗಿಸಿ ಕೊಂದೇಬಿಡುತ್ತಿತ್ತು. ದೊಡ್ಡ ಬಾತುಗಳು ಹಾಗೆ ಮಾಡುವುದುಂಟು. ಮುದುಕರು ಹಾರಿ ಬಂದು ಬಿಡಿಸಿದರು. ಹುಡುಗ ಅಳುತ್ತ, “ಇವು ಕೆಟ್ಟವು. ನಾನು ವಾಪಸ್ ಒಯ್ತೀನಿ” ಎಂದ.

ಹ್ಯಾನ್ಸ್ ಆಂಡರ್ಸನ್ ೧೮೪೩ರಲ್ಲಿ ಬರೆದ ಕುರೂಪಿ ಬಾತುಮರಿಯ ಕಥೆಯನ್ನು ಓದಿದ ಮಕ್ಕಳೆಲ್ಲರೂ ಇಂಥಲ್ಲಿ ಹುಡುಗನ ಪಕ್ಷ ವಹಿಸುತ್ತಾರೆ. ಕಚ್ಚಿದವು ಕೆಟ್ಟ ಬಾತುಗಳು. ಕಚ್ಚಿಸಿಕೊಂಡದ್ದು ಒಳಗೊಳಗೇ ಹಂಸ! ಕಥೆಯೇನೋ ಸೊಗಸಾಗಿದೆ. ನಮ್ಮ ಕವಿಗಳಿಗೂ ಹಂಸದ ಮೇಲೆ ಇಂಥದೇ ಪಕ್ಷಪಾತ. ಹಂಪಿಯ ಶಿಲ್ಪಿಗಳೂ ಹಂಸದ ಸಾಲುಗಳನ್ನೇ ಕೆತ್ತಿದರು. ಬಾತಿನ ಕುಲದಲ್ಲಿ ಕಾವ್ಯದೊಳಗೆ ಹೆಸರು ಪಡೆದದ್ದು ಮುಖ್ಯವಾಗಿ ಜಕ್ಕವಕ್ಕಿ, ಅದೂ ಇರುಳಿಡೀ ಜೊತೆಯನ್ನಗಲಿ ಗೋಳಿಡುವುದಕ್ಕಾಗಿ. ಆದರೆ ಚಿತ್ತವಾಡ್ಗಿಯ ಮರಿ ಹಂಸವಲ್ಲ, ಬೆಳೆದ ಮೇಲೆ ಹಂಸವಾಗುವಂಥದೂ ಅಲ್ಲ. ಅದು ಬಾತು, ಬಾತುಗಳ ನಡುವೆ ಬಾತಾಗಿರುವುದಷ್ಟೇ ಅದರ ಆಸೆ. ಕಚ್ಚಿದ ಬಾತುಗಳೂ ಕೆಟ್ಟವಲ್ಲ. ಹಿಂಡೆಂಬುದು ಗುಂಪಲ್ಲ, ಅದಕ್ಕೊಂದು ವ್ಯವಸ್ಥೆಯುಂಟು. ಯಾರು ಮೊದಲು ಉಣ್ಣಬೇಕು, ಯಾರು ದಾರಿ ಬಿಡಬೇಕು ಎಂಬ ಮೇಲುಕೀಳಿನ ಸರಣಿಯನ್ನು ನಾರ್ವೆಯ ಷೆಲ್ಡರುಪ್-ಎಬ್ಬೆ ಕೋಳಿಗಳಲ್ಲಿ ಗಮನಿಸಿ ೧೯೨೨ರಲ್ಲಿ ಬರೆದ. ಹೊಸಬ ಬಂದನೆಂದರೆ ಎಲ್ಲರ ಸ್ಥಾನವೂ ಅಲುಗುತ್ತದೆ. ಕೂಡುಕುಟುಂಬಕ್ಕೆ ಹೊಸ ಸೊಸೆ ಬಂದಾಗ ಅಡುಗೆಮನೆಯಲ್ಲಿ ನಡೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುದುಕರು ಷೆಲ್ಡರುಪ್-ಎಬ್ಬೆಯನ್ನು ಓದಿದವರಲ್ಲ. ಅವರು ಹುಡುಗನನ್ನು ಬದುವಿನ ಮೇಲೆ ಕೂರಿಸಿಕೊಂಡು, “ಯಾಕ ಅಳ್ತಿಯೋ? ಹೊಸಬರು ಬಂದ್ರ ಯಾರಾದ್ರೂ ಕೇಳ್ತಾರ, ನೀ ಯಾರು ಅಂತ. ಅವು ಕೇಳಿದ್ದು ಹಂಗ. ಸ್ವಲ್ಪ ದಿನ ಹೊರಗಿಂದ ನೋಡ್ಲಿ” ಎಂದರು. ತಿಂಗಳೊಪ್ಪತ್ತು ಮನೆಯಲ್ಲಿ ಬೇರೆಯಾಗಿದ್ದದ್ದು ಒಳ್ಳೆಯದೇ ಆಯಿತು, ರೋಗವಿದ್ದಿದ್ದರೆ ಇಷ್ಟು ಹೊತ್ತಿಗೆ ಹೊರಬೀಳುತ್ತಿತ್ತು ಎಂದೂ ಹೇಳಿದರು. ಪ್ರಾಣಿಸಂಗ್ರಹಾಲಯಗಳಲ್ಲಿ ಹೊಸ ಪ್ರಾಣಿಯನ್ನು ಕೆಲವು ಕಾಲ ಪ್ರತ್ಯೇಕವಾಗಿಡುವ ನಿಯಮವೂ ಇದೇ ಕಾರಣದ್ದು. ಬಾತುಗಳ ಪ್ಲೇಗು, ಕಾಲರಾಗಳಂಥ ಬೇನೆಗಳು ಹೊಕ್ಕರೆ ಹಿಂಡಿಗೆ ಹಿಂಡೇ ಉರುಳುತ್ತದೆ.

ಮರುದಿನ ಕೊಟ್ಟಿಗೆಯ ಮೂಲೆಯನ್ನು ತಂತಿಬಲೆಯಿಂದ ಮರೆಮಾಡಿ ಮರಿಯನ್ನು ಅದರೊಳಗೆ ಬಿಟ್ಟರು. ಬಲೆಯ ಈಚೆ ಹಿಂಡು, ಆಚೆ ಮರಿ. ನೋಡಬಹುದು, ಕೇಳಬಹುದು, ಕಚ್ಚುವಂತಿಲ್ಲ. ಬಲೆಯ ಎರಡೂ ಬದಿಗೆ ಒಂದೇ ಹೊತ್ತಿಗೆ ತೌಡು, ನುಚ್ಚು ಹಾಕುತ್ತಿದ್ದರು. ಎರಡು ದಿನ ಗಂಡುಬಾತು ಬಲೆಯನ್ನು ಕುಕ್ಕಿತು. ಮೂರನೆಯ ದಿನ ಅದಕ್ಕೆ ಬೇಸರ ಬಂದಿತು. ನಾಲ್ಕನೆಯ ದಿನ ಮುದುಕರು ತಮ್ಮ ಅನುಭವದ ಮುಖ್ಯವಾದ ಕೆಲಸವನ್ನು ಮಾಡಿದರು: ಹಿಂಡಿನಲ್ಲಿ ಎಲ್ಲಕ್ಕೂ ಕಿರಿಯದಾದ, ಎಲ್ಲದರಿಂದಲೂ ಕುಕ್ಕಿಸಿಕೊಳ್ಳುತ್ತಿದ್ದ ಹೆಣ್ಣುಬಾತೊಂದನ್ನು ಹಿಡಿದು ಬಲೆಯೊಳಗೆ ಮರಿಯ ಜೊತೆಗೆ ಬಿಟ್ಟರು. ಒಂಟಿಯಾಗಿ ಹೋದರೆ ಹೊಸಬ. ಹಿಂಡಿನದೇ ಒಂದರ ಜೊತೆಗೆ ಹೋದರೆ ಪರಿಚಯದವನ ನೆಂಟ.

ಮೊದಲ ರಾತ್ರಿ ಅವು ಎರಡು ಮೂಲೆಗಳಲ್ಲಿ ಮಲಗಿದವು. ಮರುದಿನ ಬೆಳಿಗ್ಗೆ ಹುಡುಗ ಓಡಿಬಂದು ನೋಡಿದಾಗ ಮರಿ ಆ ಹೆಣ್ಣಿನ ಮಗ್ಗುಲಿಗೆ ಮೈಯೊತ್ತಿ ಮಲಗಿತ್ತು, ಹಿಂದೆ ಗಾಜಿಗೆ ಒತ್ತಿಕೊಂಡಂತೆಯೇ. ಈ ಸಲ ಒತ್ತಿಕೊಂಡದ್ದು ಉಸಿರಾಡುತ್ತಿತ್ತು.

ಆ ವಾರವೆಲ್ಲ ಹುಡುಗನಿಗೆ ಕಠಿಣವಾದ ವಾರ. ದಿನಕ್ಕೆರಡು ಸಲ ಬಂದು ಮರಿಯನ್ನು ಎತ್ತಿಕೊಳ್ಳುತ್ತಿದ್ದವನಿಗೆ ಮುದುಕರು, ಇನ್ನು ಮುಟ್ಟಬೇಡವೆಂದರು. “ಕೈಯಾಗ ಇದ್ದಷ್ಟು ದಿನ ಅದು ನಿನ್ನ ದಾರೀನ ನೋಡ್ತೈತಿ. ಅವುಗಳ ಕಡೆ ತಿರುಗಂಗಿಲ್ಲ.” ಹುಡುಗ ಎರಡು ದಿನ ಸಿಟ್ಟುಮಾಡಿಕೊಂಡು ಬರಲೇ ಇಲ್ಲ. ಮರಿಗೂ ಅಷ್ಟೇ ಕಷ್ಟವಾಯಿತೆಂದು ಬರೆದರೆ ಓದುವವರಿಗೆ ಹಿತವಾಗಬಹುದು. ಆದರೆ ಆ ಎರಡು ದಿನ ಅದು ಚೆನ್ನಾಗಿ ತಿಂದಿತೆಂದು ಮುದುಕರು ಹೇಳಿದರು.

ಜನವರಿಯ ಕೊನೆಗೆ, ಮೈತುಂಬ ಗರಿ ಬಂದ ಮೇಲೆ, ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಬಲೆಯನ್ನು ತೆಗೆದರು. ಮಲಗುವ ಹೊತ್ತಿನಲ್ಲಿ ಜಗಳಕ್ಕೆ ಉತ್ಸಾಹ ಕಡಿಮೆ. ಕಾಳನ್ನು ಒಂದೆಡೆ ಸುರಿಯದೆ ದೂರ ದೂರ ಮೂರು ಕಡೆ ಹಾಕಿದರು. ಬಲಿಷ್ಠವಾದದ್ದು ಒಂದನ್ನು ಕಾಯುವಷ್ಟರಲ್ಲಿ ದುರ್ಬಲವಾದದ್ದಕ್ಕೆ ಇನ್ನೊಂದು ಸಿಕ್ಕಲಿ ಎಂದು. ಗಂಡುಬಾತು ಒಮ್ಮೆ ಕತ್ತು ಚಾಚಿ ಮರಿಯನ್ನು ಅಟ್ಟಿತು. ಮರಿ ತಲೆತಗ್ಗಿಸಿ ದಾರಿ ಬಿಟ್ಟಿತು. ಅಷ್ಟೇ. ಕೇಳಿದ ಪ್ರಶ್ನೆಗೆ ಉತ್ತರ ದೊರೆತಂತೆ ಗಂಡುಬಾತು ಮತ್ತೆ ನುಚ್ಚಿನತ್ತ ತಿರುಗಿತು.

ಏಪ್ರಿಲ್ ತಿಂಗಳ ಒಂದು ಭಾನುವಾರ ಮನೆಯವರೆಲ್ಲ ತೋಟಕ್ಕೆ ಹೋದರು. ಅಜ್ಜಿ ಡಬ್ಬಿಯೊಂದರಲ್ಲಿ ನುಚ್ಚು ತಂದಿದ್ದರು. ತೋಟದ ಹೊಂಡದಲ್ಲಿ ಹನ್ನೆರಡು ಬಾತುಗಳು ತೇಲುತ್ತಿದ್ದವು; ಬಾಲದಲ್ಲಿ ಗುಂಗುರಿದ್ದದ್ದು ಒಂದಕ್ಕೆ ಮಾತ್ರ, ಅದು ಹಳೆಯ ಯಜಮಾನನದೇ. ಅಂದರೆ ಮುದುಕರಿಗೆ ಮೊಟ್ಟೆಯ ನಷ್ಟವಿರಲಿಲ್ಲ. “ನಮ್ಮದು ಯಾವುದೋ?” ಎಂದು ಅಜ್ಜಿ ಕೇಳಿದರು. ಹುಡುಗ ಹಣೆಗೆ ಕೈಯಿಟ್ಟುಕೊಂಡು ನೋಡಿದ. ಗುರುತಿದ್ದದ್ದು ಎಡಗಾಲಿನ ಓರೆ. ನೀರಿನಲ್ಲಿ ಕಾಲು ಯಾರಿಗೆ ಕಾಣುತ್ತದೆ? ಅವನು ಹಳೆಯ ರೀತಿಯಲ್ಲಿ ನಾಲಗೆಯನ್ನು ಲೊಚಗುಟ್ಟಿ ಕರೆದ. ಹನ್ನೆರಡು ತಲೆಗಳೂ ಒಮ್ಮೆ ಎದ್ದವು. ಹನ್ನೆರಡೂ ಮತ್ತೆ ನೀರಿಗೆ ಬಾಗಿದವು. “ದಂಡಿಗೆ ಬರಲಿ, ಗೊತ್ತಾಗ್ತೈತಿ” ಎಂದರು ಮುದುಕರು.

ಅವು ದಂಡೆಗೆ ಬರುವ ಲಕ್ಷಣ ಕಾಣಲಿಲ್ಲ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಂಡದ ಅಂಚಿನಲ್ಲಿ ನಡೆಯುತ್ತ, ನುಚ್ಚನ್ನು ಮೂರು ಕಡೆ ಹಾಕಿದರು.